ಗುತ್ತೂರಿನ ಐದು ಸೊನ್ನೆಗಳು

ಗುತ್ತೂರಿನ ಹಾಳೆಯಲ್ಲಿ ಐದನೆಯ ವಾರವೂ ಸೊನ್ನೆ ಬರೆದಾಗ ನನಗೆ ಸಂತೋಷವಾಗಿತ್ತೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುವುದು ಒಳ್ಳೆಯದು. ಆ ಸೊನ್ನೆ ದುಂಡಗೆ, ಅಂಚು ಕೂಡಿ ಬಂದಿತ್ತು. ಹಾಳೆಯ ಕೆಳಗೆ 'ಮನೆ ಮತ್ತು ಆವರಣದಲ್ಲಿ ಸೊಳ್ಳೆಗಳು ತಂಗಬಹುದಾದ ಎಲ್ಲ ಸ್ಥಳಗಳನ್ನೂ ಶೋಧಿಸಲಾಗಿದೆ' ಎಂದು ಅಚ್ಚಾಗಿದ್ದ ಪ್ರಮಾಣದ ಸಾಲಿಗೆ ನಾನು ಪೂರ್ಣ ಹೆಸರಿನೊಂದಿಗೆ, ಬಿ.ಎಸ್‌ಸಿ. ಎಂಬ ಅಕ್ಷರಗಳನ್ನೂ ಸೇರಿಸಿ ಸಹಿ ಮಾಡಿದೆ. ನಮ್ಮ ವಂಶದಲ್ಲಿ ಆ ಅಕ್ಷರಗಳನ್ನು ಹೆಸರಿನ ಮುಂದೆ ಬರೆದುಕೊಂಡ ಮೊದಲಿಗ ನಾನು. ಆದುದರಿಂದ ಅವಶ್ಯವಿಲ್ಲದ ಕಡೆಯೂ ಬರೆಯುತ್ತಿದ್ದೆ.

ಅರವತ್ತರ ದಶಕದ ಆರಂಭದ ಒಂದು ಬೇಸಿಗೆ ಅದು. ಮಲೇರಿಯಾ ಹರಡುವ ಸೊಳ್ಳೆಗಳು ಎತ್ತರಕ್ಕೂ ಹವೆಗೂ ತಕ್ಕಂತೆ ಹೇಗೆ ಹೆಚ್ಚು ಕಡಿಮೆಯಾಗುತ್ತವೆ ಎಂಬುದನ್ನು ತಿಳಿಯಲು ನಮ್ಮ ಘಟಕವು ಮೂರು ಹಂತಗಳಲ್ಲಿ ಸಮೀಕ್ಷೆ ನಡೆಸುತ್ತಿತ್ತು. ಮೇಲಿನ ಹಂತ ನಾಲ್ಕು ಸಾವಿರ ಅಡಿಗೂ ಎತ್ತರದ, ಕಾಫಿ ತೋಟಗಳ ಬೆಟ್ಟದ ಊರು. ನಡುವಿನದು ಕಾಡಂಚಿನದು. ಕೆಳಗಿನದು ತುಂಗಭದ್ರೆಯ ದಡದ ಬಯಲು. ಎಂದರೆ ಹರಿಹರದ ಪಕ್ಕದ ಗುತ್ತೂರು ಮತ್ತು ದಾವಣಗೆರೆಗೆ ಹೊಂದಿಕೊಂಡ ಆನೆಕೊಂಡ. ಬಯಲಿನ ಹಾಳೆಗಳು ನನ್ನ ಪಾಲಿಗೆ ಬಂದಿದ್ದವು. ಮೂರೂ ಕಡೆ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ವಿಧಾನದಲ್ಲಿ ಸೊಳ್ಳೆ ಹಿಡಿಯಬೇಕಾಗಿತ್ತು. ಹಾಗಿಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲವೆಂದು ದಾವಣಗೆರೆಯ ಕಚೇರಿಯಲ್ಲಿದ್ದ ನಮ್ಮ ವೈದ್ಯಾಧಿಕಾರಿಗಳು ಮೊದಲ ದಿನವೇ ಎಚ್ಚರಿಸಿದ್ದರು.

ಈ ಹಾಳೆಗಳ ಮೇಲೆ ಒಂದು ತೀರ್ಮಾನ ನಿಂತಿತ್ತು. ಡಿ.ಡಿ.ಟಿ. ಪುಡಿಯೂ ಸಿಂಪರಣೆಯ ಪಂಪುಗಳೂ ಎಲ್ಲ ಊರುಗಳಿಗೆ ಸಾಲುತ್ತಿರಲಿಲ್ಲ. ಬಯಲಿನ ಊರೊಂದರ ಮನೆಗಳಲ್ಲಿ ಸತತವಾಗಿ ಆರು ವಾರ ಅಪಾಯಕಾರಿ ಜಾತಿಯ ಒಂದು ಸೊಳ್ಳೆಯೂ ಸಿಗದಿದ್ದರೆ, ಮಳೆಗಾಲಕ್ಕೆ ಮುಂಚಿನ ಸಿಂಪರಣೆಯನ್ನು ಅಲ್ಲಿ ಕೈಬಿಟ್ಟು ತಂಡವನ್ನು ಬೆಟ್ಟದ ಕಡೆಗೆ ಕಳುಹಿಸುವುದೆಂದು ನಮ್ಮ ಘಟಕವು ಗೊತ್ತುಮಾಡಿಕೊಂಡಿತ್ತು. ಗುತ್ತೂರಿಗೆ ಇನ್ನು ಒಂದೇ ವಾರ ಉಳಿದಿತ್ತು.

ಕೆಲಸದ ಕ್ರಮ ಹೀಗಿತ್ತು. ನಾನು ಹರಿಹರದಲ್ಲಿ ಬಾಡಿಗೆಯ ಕೋಣೆಯಲ್ಲಿದ್ದೆ. ಬೆಳಗಿನ ಜಾವ ಸೈಕಲ್ಲಿನಲ್ಲಿ ಗುತ್ತೂರು ತಲಪುತ್ತಿದ್ದೆ. ಸೂರ್ಯೋದಯದ ಹೊತ್ತಿಗೆ, ರಕ್ತ ಹೀರಿದ ಸೊಳ್ಳೆಗಳು ಕತ್ತಲ ಮೂಲೆಗಳಲ್ಲಿ ಕುಳಿತು ವಿಶ್ರಮಿಸುವಾಗ, ಮನೆ ಮನೆಗೆ ಹೋಗಿ ಟಾರ್ಚಿನ ಬೆಳಕಿನಲ್ಲಿ ಗೋಡೆ, ಜಂತೆ, ದನದ ಗೋದಲಿ, ನೇತುಹಾಕಿದ ಬಟ್ಟೆಗಳ ಹಿಂಬದಿ ಇವನ್ನೆಲ್ಲ ಹುಡುಕಬೇಕು. ಹೀರುನಳಿಕೆ ಎಂದರೆ ಒಂದು ಗಾಜಿನ ನಳಿಕೆ, ಅದಕ್ಕೆ ಜೋಡಿಸಿದ ರಬ್ಬರ್ ಕೊಳವೆ, ನಡುವೆ ಸೊಳ್ಳೆ ಬಾಯಿಗೆ ಬಾರದಂತೆ ಒಂದು ಬಲೆಬಟ್ಟೆ. ಗಾಜಿನ ತುದಿಯನ್ನು ಸೊಳ್ಳೆಯ ಮೇಲಿಟ್ಟು ಮೆಲ್ಲನೆ ಉಸಿರೆಳೆದರೆ ಅದು ಗಾಯವಿಲ್ಲದೆ ಒಳಗೆ ಬರುತ್ತದೆ. ಜೋರಾಗಿ ಎಳೆದರೆ ರೆಕ್ಕೆಯ ಚುಕ್ಕೆಗಳು ಉದುರಿ ಜಾತಿಯನ್ನು ಗುರುತಿಸಲಾಗುವುದಿಲ್ಲ. ನಾವು ಹುಡುಕುತ್ತಿದ್ದದ್ದು ಕ್ಯುಲಿಸಿಫೇಸಿಸ್ ಎಂಬ ಸಣ್ಣ, ಸಪ್ಪೆ ಬಣ್ಣದ ಸೊಳ್ಳೆಯನ್ನು. ಬಯಲುಸೀಮೆಯಲ್ಲಿ ಮಲೇರಿಯಾವನ್ನು ಮನೆಯಿಂದ ಮನೆಗೆ ಸಾಗಿಸುವುದು ಮುಖ್ಯವಾಗಿ ಅದೇ.

ನನ್ನೊಡನೆ ಒಬ್ಬ ಕೀಟ ಸಂಗ್ರಾಹಕನಿದ್ದನು. ಆನೆಕೊಂಡದ ರೈತ ಮನೆತನದವನು, ನನಗಿಂತ ಇಪ್ಪತ್ತು ವರ್ಷ ಹಿರಿಯ. ಓದು ಬರಹ ಬಾರದಿದ್ದರೂ ಎರಡು ಮಾರು ದೂರದಿಂದಲೇ ಸೊಳ್ಳೆ ಕುಳಿತಿರುವ ಓರೆಯನ್ನು ನೋಡಿ ಜಾತಿ ಹೇಳುತ್ತಿದ್ದನು. ನಾನು ಸೂಕ್ಷ್ಮದರ್ಶಕದಡಿ ನೋಡಿ ಅವನ ಮಾತನ್ನೇ ಲ್ಯಾಟಿನ್ ಹೆಸರಿನಲ್ಲಿ ಬರೆದುಕೊಳ್ಳುತ್ತಿದ್ದೆ.

ಗುತ್ತೂರಿನಲ್ಲಿ ನಮಗೆ ನಿಗದಿಯಾಗಿದ್ದ ಮನೆಗಳಲ್ಲಿ ಒಂದರ ಯಜಮಾನಿ ಅರವತ್ತು ದಾಟಿದ ಅಜ್ಜಿ. ಮಗ ಹೊಲ ನೋಡಿಕೊಳ್ಳುತ್ತಿದ್ದನು, ಸೊಸೆ ಬಸುರಿ. ಮೊದಲ ವಾರ ಆ ಮನೆಯ ಹೊಸ್ತಿಲಲ್ಲಿ ನಿಂತು, ನಾನು ಹಿಂದಿನ ರಾತ್ರಿಯೇ ಸಿದ್ಧಪಡಿಸಿಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ.

"ಅಮ್ಮಾ, ತಮ್ಮ ಗೃಹದಲ್ಲಿ ಒಟ್ಟು ಎಷ್ಟು ಕೋಣೆಗಳಿವೆ?"

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಗೃಹ ಅಂತೆ! ಏ ಸೊಸಿ, ಕೇಳಿದ್ಯಾ? ಪುರಾಣ ಹೇಳಾಕೆ ಬಂದಾರೆ, ಚಾಪಿ ಹಾಸು." ಒಳಗಿನಿಂದ ನಗು ಕೇಳಿಸಿತು. "ಮೂರು ಕೋಣಿ ಅದಾವಪ್ಪ. ನಡುಮನಿ, ಅಡಿಗಿಮನಿ, ದೇವ್ರ ಕೋಣಿ. ದನದ ಅಂಕಣ ಬ್ಯಾರೆ. ಬರ್ಕ."

ನಾನು ಬರೆದುಕೊಂಡೆ. ಮೂರು ಕೋಣೆಗಳನ್ನೂ ದನದ ಅಂಕಣವನ್ನೂ ಶ್ರದ್ಧೆಯಿಂದ ಹುಡುಕಿದೆವು. ನಿರುಪದ್ರವಿ ಜಾತಿಯ ಕೆಲವು ಸೊಳ್ಳೆಗಳು ಸಿಕ್ಕವು. ಬೇಕಾದದ್ದು ಸಿಗಲಿಲ್ಲ.

ಎರಡನೆಯ ವಾರ ಅದೇ ಬೀದಿಯಿಂದ ಹೊರಬರುವಾಗ ಸಂಗ್ರಾಹಕನು ಮೆಲ್ಲನೆ ಹೇಳಿದನು: "ಸಾಹೇಬ್ರ, ಕೋಣಿ ಎಣಿಸಿದ್ದು ಸರಿ. ಹಗೇವು ಕೇಳ್ಲಿಲ್ಲವಲ್ರಿ?"

ಹಗೇವು ಎಂದರೆ ನೆಲದೊಳಗೆ ತೋಡಿದ ಧಾನ್ಯದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ. ಕೆಳಗೆ ಹೊಟ್ಟೆ ಗುಡಾಣದಂತೆ ಅಗಲವಾಗಿರುತ್ತದೆ. ಸುತ್ತ ಹುಲ್ಲು ಒತ್ತಿ ಜೋಳ ತುಂಬಿ, ಮೇಲೆ ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡದು. ಅದು ಎಲ್ಲಿದೆಯೆಂದು ಹೊರಗಿನವರಿಗೆ ಹೇಳುವ ವಾಡಿಕೆಯಿಲ್ಲ. ಸರ್ಕಾರಕ್ಕೆ ಲೆವಿ ಧಾನ್ಯ ಅಳೆದು ಕೊಡಬೇಕಾಗಿದ್ದ ವರ್ಷಗಳ ನಂತರವಂತೂ ರಿಜಿಸ್ಟರು ಹಿಡಿದವರ ಮುಂದೆ ಆ ಶಬ್ದವನ್ನೇ ಯಾರೂ ಎತ್ತುತ್ತಿರಲಿಲ್ಲ. ಇದೆಲ್ಲ ನನಗೆ ತಿಳಿಯದ ವಿಷಯವಲ್ಲ. ಜಗಳೂರು ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿಯೂ ಹಗೇವು ಇತ್ತು. ಆದರೆ ಕಾಲೇಜಿನಲ್ಲಿ ನಾಲ್ಕು ವರ್ಷ ನಾನು ಕಲಿತದ್ದರಲ್ಲಿ ಅರ್ಧ ಪ್ರಾಣಿಶಾಸ್ತ್ರವಾದರೆ, ಇನ್ನರ್ಧ ಇಂಥ ವಿಷಯಗಳು ನನಗೆ ತಿಳಿದಿವೆಯೆಂದು ತೋರಗೊಡದಿರುವುದು.

"ಕೈಪಿಡಿಯಲ್ಲಿ ಹಗೇವು ಎಂಬುದಿಲ್ಲ," ಎಂದೆ.

"ಕೈಪಿಡಿ ಬರ್ದೋರು ಜ್ವಾಳ ಉಂಡಿಲ್ಲ ಬಿಡ್ರಿ," ಎಂದು ಅವನು ಸೈಕಲ್ಲು ತಳ್ಳಿದನು. ಆಮೇಲೆ ಆ ಮಾತು ಎತ್ತಲಿಲ್ಲ.

ಮೂರನೆಯ ವಾರ ಒಂದು ತೊಡಕು ಎದುರಾಯಿತು. ಬೇಸಿಗೆಯಲ್ಲಿ ಹೊಳೆ ಬತ್ತಿ, ಮರಳಿನ ನಡುವೆ ಅಲ್ಲಲ್ಲಿ ತಿಳಿನೀರಿನ ಮಡುಗಳು ಉಳಿಯುತ್ತವೆ. ಅವುಗಳಲ್ಲಿ ಸೌಟಿನಿಂದ ಮೊಗೆದು ಸೊಳ್ಳೆಯ ಮರಿಗಳನ್ನು ಪರೀಕ್ಷಿಸುವುದೂ ನಮ್ಮ ಕೆಲಸವೇ. ಒಂದು ಮಡುವಿನಲ್ಲಿ ಸಿಕ್ಕ ಮರಿಗಳು ಕ್ಯುಲಿಸಿಫೇಸಿಸ್‌ನವೆಂದು ನನಗೆ ತೋರಿತು. ಮರಿಗಳಿವೆ ಎಂದ ಮೇಲೆ ತಾಯಂದಿರು ಹತ್ತಿರದಲ್ಲಿಯೇ ಎಲ್ಲಿಯೋ ತಂಗಿರಬೇಕು. ಆದರೆ ಮನೆಗಳಲ್ಲಿ ಒಂದೂ ಇಲ್ಲ. ವೈದ್ಯಾಧಿಕಾರಿಗಳು ನನ್ನ ಟಿಪ್ಪಣಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಮರಿಗಳ ಗುರುತು ಖಚಿತವೇ?' ಎಂದು ಬರೆದು ಹಿಂತಿರುಗಿಸಿದರು. ನನ್ನ ಪ್ರೊಬೇಷನ್ ಮುಗಿಯಲು ಎರಡು ತಿಂಗಳಿದ್ದವು. 'ಖಚಿತವಲ್ಲ' ಎಂದು ಉತ್ತರಿಸಿದೆ. ವಾಸ್ತವವಾಗಿ ನನಗೆ ಖಚಿತವಾಗಿತ್ತು.

ಐದನೆಯ ಸೊನ್ನೆ ಬರೆದ ಮರುದಿನ ಅಜ್ಜಿಯ ಸೊಸೆಗೆ ಚಳಿಜ್ವರ ಬಂದಿತು. ನಡುಹಗಲು, ಹೊರಗೆ ಕಾದ ಹಂಚಿನಂಥ ಬಿಸಿಲು. ಆಕೆ ಎರಡು ಕಂಬಳಿ ಹೊದ್ದು, ಮಂಚ ಅಲುಗುವಂತೆ ನಡುಗುತ್ತಿದ್ದಳು. ಆರು ತಿಂಗಳ ಬಸುರಿ. ನಾನು ಬೆರಳ ತುದಿ ಚುಚ್ಚಿ ಗಾಜಿನ ಫಲಕದ ಮೇಲೆ ರಕ್ತದ ಲೇಪ ತೆಗೆದುಕೊಳ್ಳುವಾಗ ಅಜ್ಜಿಯ ದನಿಯಲ್ಲಿ ಎಂದಿನ ಕುಹಕವಿರಲಿಲ್ಲ.

"ಹೋದ ವರ್ಷಾನೂ ಹಿಂಗೇ ನಡುಕ ಬಂದು ಒಂದು ಹೋತಪ್ಪ. ಏಳು ತುಂಬಿತ್ತು. ಇದೂ ಹೋದ್ರೆ ಆಕಿ ಎದ್ದೇಳಂಗಿಲ್ಲ."

"ಬೆಟ್ಟದ ಕಡೆಗೆ, ನೆಂಟರ ಮನೆಗೆ, ಎಲ್ಲಿಗಾದರೂ ಹೋಗಿದ್ದರೇ?"

"ಎಲ್ಲಿಗ್ ಹೋಗ್ತಾಳೆ? ದೀಪಾವಳಿಗೆ ತವರಿಂದ ಬಂದಾಕಿ ಹೊಳಿ ದಾಟಿಲ್ಲ."

ದಾವಣಗೆರೆಯಲ್ಲಿ ಲೇಪವನ್ನು ಪರೀಕ್ಷಿಸಿದಾಗ ಮಲೇರಿಯಾದ ಪರಾವಲಂಬಿಗಳು ಸ್ಪಷ್ಟವಾಗಿ ಕಂಡವು. ವೈದ್ಯಾಧಿಕಾರಿಗಳು ಮಾತ್ರೆಗಳನ್ನು ಕೊಟ್ಟರು. ಕ್ರಮವಾಗಿ ನುಂಗಿದರೆ ಈ ಸಲದ ಜ್ವರ ಇಳಿಯುವುದೆಂದರು. ಬಳಿಕ ರಿಜಿಸ್ಟರಿನಲ್ಲಿ 'ಹೊರಗಿನಿಂದ ಬಂದ ಸೋಂಕು' ಎಂದು ಬರೆಯಲು ಹೇಳಿದರು.

"ಸಾರ್, ಅವರು ಎಲ್ಲಿಗೂ ಹೋಗಿಲ್ಲವಂತೆ."

"ಐದು ವಾರ ನೀವೇ ಝೀರೋ ಕೊಟ್ಟಿದ್ದೀರಿ. ಸೊಳ್ಳೆಯೇ ಇಲ್ಲದ ಊರಿನಲ್ಲಿ ಮಲೇರಿಯಾ ಹೇಗೆ ಬರುತ್ತದೆ? ಒಂದೋ ಆ ಹೆಂಗಸು ಸುಳ್ಳು ಹೇಳುತ್ತಿರಬೇಕು, ಇಲ್ಲವೇ ನಿಮ್ಮ ಝೀರೋ." ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾವುದು ಎಂದು ಆರನೆಯ ವಾರದಲ್ಲಿ ತಿಳಿಸಿ."

ಈ ಸಲದ ಜ್ವರವನ್ನು ಮಾತ್ರೆ ಇಳಿಸುತ್ತದೆ, ನಿಜ. ಆದರೆ ಸೊಳ್ಳೆ ಅಲ್ಲಿಯೇ ಇದ್ದು, ಸಿಂಪರಣೆಯೂ ನಡೆಯದೆ ಮಳೆ ಹಿಡಿದರೆ, ಆಕೆಗೆ ಏಳು ಎಂಟು ತಿಂಗಳು ತುಂಬುವ ಹೊತ್ತಿಗೆ ಜ್ವರ ಮರಳಿ ಬರಬಹುದು. ಸಂಜೆ ಹರಿಹರಕ್ಕೆ ಹಿಂದಿರುಗುವ ರೈಲಿನಲ್ಲಿ ನಾನು ಇದನ್ನೇ ಲೆಕ್ಕ ಹಾಕುತ್ತಿದ್ದೆ. ಮಾತ್ರೆಗಳನ್ನು ಕೊಡಲು ಅಜ್ಜಿಯ ಮನೆಗೆ ಹೋದಾಗ ಹಿತ್ತಲಿನಲ್ಲಿ ಸೊಸೆಯ ಮಂಚ ಕಂಡಿತು. ಸೆಕೆಗೆ ಆಕೆ ಒಂದು ತಿಂಗಳಿಂದ ಅಲ್ಲಿಯೇ ಮಲಗುತ್ತಿದ್ದಳಂತೆ. ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ದೊಡ್ಡ ಬಿದಿರಿನ ಹೆಡಿಗೆ ಬೋರಲಾಗಿ ಬಿದ್ದಿತ್ತು. ಅದರ ಮೇಲೆ ಗಾಡಿಯ ಹಳೆಯ ನೊಗ ಇಟ್ಟಿದ್ದರು. ಬೋರಲು ಹಾಕಿದ ಹೆಡಿಗೆಯ ಮೇಲೆ ಯಾರೂ ಸುಮ್ಮನೆ ನೊಗ ಇಡುವುದಿಲ್ಲ. ನಾನು ನೋಡಿದೆ, ನೋಡಿದ್ದನ್ನು ಅಜ್ಜಿಯೂ ನೋಡಿದರು. ನಾನು ಮಾತ್ರೆ ನುಂಗುವ ಕ್ರಮ ಹೇಳಿ ಹೊರಟೆ.

ಆರನೆಯ ವಾರದ ಬೆಳಿಗ್ಗೆ ನಿಗದಿತ ಮನೆಗಳನ್ನೆಲ್ಲ ಎರಡೆರಡು ಬಾರಿ ಹುಡುಕಿದೆವು. ಒಂದೂ ಸಿಗಲಿಲ್ಲ. ಕಡೆಯದು ಅಜ್ಜಿಯ ಮನೆ. ಅಲ್ಲಿಯೂ ಕೋಣೆಗಳು ಮುಗಿದವು. ಸಂಗ್ರಾಹಕನು ನಳಿಕೆಯನ್ನು ಚೀಲಕ್ಕೆ ಹಾಕದೆ ಕೈಯಲ್ಲಿಯೇ ಹಿಡಿದು ನನ್ನ ಮುಖ ನೋಡುತ್ತಿದ್ದನು. ನಾನು ಹಾಳೆಯನ್ನು ಮಡಿಸಿ ಕಿಸೆಗೆ ಹಾಕಿ, ಹಿತ್ತಲಿಗೆ ಹೋಗಿ, ಅಜ್ಜಿಯ ಎದುರು ನೆಲದ ಮೇಲೆ ಕುಳಿತೆ. ಏನು ಕೇಳಬೇಕೆಂದು ಹಿಂದಿನ ರಾತ್ರಿ ಸಿದ್ಧಪಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ.

"ಅಜ್ಜೀ, ನಮ್ಮನಿ ಹಗೇವು ತಲಬಾಗಿಲ ಎಡಕ್ಕೈತೆ. ಮ್ಯಾಲೆ ಒಳ್ಳುಕಲ್ಲು ಇಟ್ಟೀವಿ. ಲೆವಿಯೋರು ಬಂದಾಗ ನಮ್ಮಪ್ಪ ಅದರ ಮ್ಯಾಲೇ ಕುಂತು ಎಲಡಿಕಿ ಹಾಕ್ಕಂತಿದ್ದ."

ಅಜ್ಜಿ ನನ್ನ ಕಡೆಗೆ ತಿರುಗಿ ಕುಳಿತರು. "ನೀನು ಹಿಂಗೂ ಮಾತಾಡ್ತೀಯೇನೋ?" ಎಂದರು. ಆಮೇಲೆ, "ಎಷ್ಟು ಚೀಲ ಹಿಡಿತೈತೆ?"

"ಮೂವತ್ತು."

"ನಮ್ದು ನಲವತ್ತು," ಎಂದು ಅವರು ಎದ್ದರು. "ಈಗೇನಿಲ್ಲ. ಹಳೇ ಜ್ವಾಳ ತಗದು ಒಂದು ತಿಂಗ್ಳಾತು. ಹೊಸದು ತುಂಬೋತಂಕ ಆರಾಕೆ ಬಿಟ್ಟೀವಿ. ನೊಗ ತಗೀರಿ."

ನೊಗ ತೆಗೆದು ಹೆಡಿಗೆಯನ್ನು ಒಂದು ಬದಿಗೆ ತುಸು ಎತ್ತಿದಾಗ ಕೈಗೆ ತಂಪು ತಾಗಿತು. ಒಣ-ತೇವ ಉಷ್ಣಮಾಪಕವನ್ನು ಹುರಿಗೆ ಕಟ್ಟಿ ಹಗೇವಿನ ಕುತ್ತಿಗೆಯವರೆಗೆ ಇಳಿಸಿದೆವು. ಅಷ್ಟರಲ್ಲಿ ಬಿಸಿಲೇರಿ ಹಿತ್ತಲಿನ ನೆರಳಿನಲ್ಲಿಯೇ ತೊಂಬತ್ತಾರು ಡಿಗ್ರಿ ಫ್ಯಾರನ್‌ಹೀಟ್ ಆಗಿತ್ತು. ಮೇಲೆತ್ತಿದ ಮಾಪಕ ಎಪ್ಪತ್ತೊಂಬತ್ತು ತೋರಿಸಿತು. ತೇವದ ಬುರುಡೆಯದು ಅದಕ್ಕಿಂತ ಎರಡೇ ಡಿಗ್ರಿ ಕಡಿಮೆ, ಎಂದರೆ ಒಳಗಿನ ಗಾಳಿ ತುಂಬ ತೇವ. ನನ್ನ ಚೀಲದಲ್ಲಿ ಬೆಟ್ಟದ ಊರಿನ ಸಹೋದ್ಯೋಗಿ ಕಳುಹಿಸಿದ್ದ ಹಿಂದಿನ ವಾರದ ಹಾಳೆಯ ಪ್ರತಿ ಇತ್ತು. ತೆಗೆದು ನೋಡಿದೆ. ಅಲ್ಲಿಯ ಬೆಳಗಿನ ಅಂಕಿಗಳೂ ಹೆಚ್ಚು ಕಡಿಮೆ ಇವೇ. ಸಮುದ್ರಮಟ್ಟದಿಂದ ಸಾವಿರಾರು ಅಡಿ ಮೇಲೆ ಹೋಗಿ ಅವರು ಪಡೆಯುತ್ತಿದ್ದ ಹವೆ, ಗುತ್ತೂರಿನಲ್ಲಿ ನೆಲದ ಕೆಳಗೆ ಒಂದಾಳುದ್ದದಲ್ಲಿ ಇತ್ತು. ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿ.

ಟಾರ್ಚು ಹಾಕಿದಾಗ ಕುತ್ತಿಗೆಯ ಕೆಳಗೆ, ಗುಡಾಣದ ಭುಜ ಆರಂಭವಾಗುವಲ್ಲಿ, ಮಣ್ಣಿನ ಗೋಡೆಯ ಮೇಲೆ ಸಣ್ಣ ಸಣ್ಣ ಕಪ್ಪು ಗೀಟುಗಳು ಕಂಡವು. ಸಂಗ್ರಾಹಕನು ಉಸಿರು ಬಿಡದೆ, "ಅವೇ ಸಾಹೇಬ್ರ. ಅವೇ," ಎಂದನು.

ಕೈ ಚಾಚಿದರೆ ನಳಿಕೆ ಅಷ್ಟು ಆಳಕ್ಕೆ ಎಟುಕುತ್ತಿರಲಿಲ್ಲ. "ನನ್ ಕಾಲು ಹಿಡಕಳ್ರಿ, ತಲಿ ಕೆಳಗ ಮಾಡಿ ಇಳಿತೀನಿ. ಎರಡು ನಿಮಿಷ," ಎಂದು ಅವನು ರುಮಾಲು ಬಿಚ್ಚಿಟ್ಟನು. ಒಂದು ಕ್ಷಣ ನಾನು ಒಪ್ಪಿದೆ. ಬರಹದಲ್ಲಿ ಇದನ್ನು ಮರೆಮಾಡಲಾರೆ. ಆ ಗೀಟುಗಳನ್ನು ನೋಡಿದ ಮೇಲೆ ನನಗೆ ಬೇರೇನೂ ಕಾಣಿಸುತ್ತಿರಲಿಲ್ಲ. ನಾನು ಅವನ ಕಾಲುಗಳನ್ನು ಹಿಡಿಯಲು ಬಗ್ಗಿದೆ.

"ದೀಪ ಇಳಿಸಿದ್ರೇನು?" ಎಂದು ಮಂಚದ ಮೇಲಿನಿಂದ ಸೊಸೆ ಕೇಳಿದಳು.

ಇಳಿಸಿರಲಿಲ್ಲ. ಹಗೇವಿಗೆ ಇಳಿಯುವ ಮೊದಲು ದೀಪ ಇಳಿಸಬೇಕೆಂಬುದು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ನಮ್ಮ ಊರಿನಲ್ಲಿಯೇ, ಒಳಗೆ ಬಿದ್ದ ಬುಟ್ಟಿ ತರಲೆಂದು ಇಳಿದ ಒಬ್ಬರು ಮೇಲೆ ಬರಲಿಲ್ಲ. ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಸಿದೆವು. ಕುತ್ತಿಗೆಯವರೆಗೆ ಚೆನ್ನಾಗಿ ಉರಿಯಿತು. ಭುಜದ ಹತ್ತಿರ ಜ್ವಾಲೆ ಗಿಡ್ಡವಾಯಿತು. ಇನ್ನೊಂದು ಮೊಳ ಕೆಳಗೆ ಹೋದಾಗ ಆರಿತು. ಸಂಗ್ರಾಹಕನು ರುಮಾಲನ್ನು ಮತ್ತೆ ಸುತ್ತಿಕೊಂಡನು.

ಕೆಟ್ಟ ಗಾಳಿ ತೆಗೆಯುವ ವಿಧಾನ ಎಲ್ಲರಿಗೂ ತಿಳಿದದ್ದೇ. ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಎತ್ತಿ, ಇಳಿಸಿ ಎತ್ತಿ ಮಾಡಬೇಕು. ಆದರೆ ಹಾಗೆ ಮಾಡಿದರೆ ಸೊಳ್ಳೆಗಳೆಲ್ಲ ಹಾರಿಹೋಗುತ್ತವೆ. ಗಾಳಿ ತೆಗೆಯದಿದ್ದರೆ ಮನುಷ್ಯ ಇಳಿಯುವಂತಿಲ್ಲ, ತೆಗೆದರೆ ಸಾಕ್ಷ್ಯ ಉಳಿಯುವುದಿಲ್ಲ. ಹಗೇವಿನ ಬಾಯಿಯ ಬಳಿ ಕುಳಿತು ಯೋಚಿಸುವಾಗ ನನ್ನ ಚೀಲದಲ್ಲಿದ್ದ ಬಿಳಿಬಟ್ಟೆ ನೆನಪಾಯಿತು. ಔಷಧ ಸಿಂಪಡಿಸಿದಾಗ ಉದುರುವ ಸೊಳ್ಳೆಗಳನ್ನು ಆರಿಸಲು ಕೋಣೆಯ ನೆಲಕ್ಕೆ ಹಾಸುವ ದೊಡ್ಡ ಬಟ್ಟೆ ಅದು. ಹೆಡಿಗೆಯ ಹೆಣಿಗೆ ಸಡಿಲವಾಗಿತ್ತು. ಕಂಬಳಿಯನ್ನು ಮೊದಲೇ ಒಳಗೆ ಇಳಿಬಿಟ್ಟು, ಹೆಡಿಗೆಯನ್ನು ಮತ್ತೆ ಬೋರಲು ಹಾಕಿ, ಅದರ ಮೇಲೆ ನೆಲಕ್ಕೆ ತಾಗುವಂತೆ ಬಿಳಿಬಟ್ಟೆ ಹೊದಿಸಬೇಕು. ಹಗ್ಗದ ತುದಿ ಮಾತ್ರ ಹೊರಗಿರಲಿ. ಕಂಬಳಿ ಆಡಿದರೆ ಸೊಳ್ಳೆಗಳು ಬೆಳಕಿನ ಕಡೆಗೆ ಎದ್ದು ಬಟ್ಟೆಗೆ ಬಂದು ಕೂರುತ್ತವೆ.

ಬಟ್ಟೆ ಬಿಚ್ಚಿದ್ದೇ ತಡ ಅಜ್ಜಿ ಅಡ್ಡ ನಿಂತರು. "ಹಗೇವಿನ ಬಾಯಿಗೆ ಬಿಳೇ ಬಟ್ಟಿ ಹೊದಿಸ್ತೀಯಾ? ಬಸುರಿ ಇರೋ ಮನಿ. ಅನ್ನ ಕೊಡೋ ಬಾಯಿ ಅದು, ಹೆಣ ಅಲ್ಲ!"

"ಅಜ್ಜೀ, ಬ್ಯಾರೆ ಬಣ್ಣದ ಮ್ಯಾಲೆ ಸೊಳ್ಳಿ ಕಾಣಂಗಿಲ್ಲ."

ಬಿಸಿಲು ಏರುತ್ತಿತ್ತು. ಹೆಡಿಗೆಯ ಸಂದಿನಿಂದ ಒಂದು ಸೊಳ್ಳೆ ಹೊರಬಂದು ಹಾರಿಹೋಯಿತು. ಸಂಗ್ರಾಹಕನು ಹಲ್ಲು ಕಚ್ಚಿದನು. ಅಜ್ಜಿ ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಅವರು ಅರಿಶಿನದ ಬಟ್ಟಲು ಹಿಡಿದು ಬಂದು, ಬಟ್ಟೆಯ ನಾಲ್ಕೂ ಮೂಲೆಗೆ ಬೆರಳಿನಿಂದ ಒತ್ತಿ ಒತ್ತಿ ಹಚ್ಚಿದರು. "ಈಗ ಹೊದಿಸು. ಈಗ ಇದು ಸೋಬಾನದ ಬಟ್ಟಿ."

ನಾನು ದೂರದಿಂದ ಹಗ್ಗ ಎಳೆದು ಬಿಟ್ಟೆ, ಎಳೆದು ಬಿಟ್ಟೆ. ಒಳಗೆ ಕಂಬಳಿ ದಪ್ ದಪ್ ಎಂದು ಆಡಿತು. ಸಂಗ್ರಾಹಕನು ಬಟ್ಟೆಯ ಅಂಚಿನಿಂದ ತೋಳು ಮಾತ್ರ ತೂರಿಸಿ, ಮುಖ ಹೊರಗಿಟ್ಟುಕೊಂಡು, ಬಟ್ಟೆಯ ಮೇಲೆ ಬಿದ್ದ ನೆರಳುಗಳನ್ನು ನೋಡಿ ನಳಿಕೆಯಾಡಿಸಿದನು. ಅವನ ಉಸಿರು ಒಮ್ಮೆಯೂ ಜೋರಾಗಲಿಲ್ಲ. ಅರ್ಧ ಗಂಟೆಯಲ್ಲಿ ಹದಿನಾಲ್ಕು ಸೊಳ್ಳೆಗಳು ಕಾಗದದ ಬಟ್ಟಲುಗಳಲ್ಲಿದ್ದವು. ಕೆಲವುಗಳ ಹೊಟ್ಟೆ ಕೆಂಪಗೆ ತುಂಬಿತ್ತು.

ಅವನ್ನು ಆ ಬಿಸಿಲಿನಲ್ಲಿ ಜೀವಂತವಾಗಿ ದಾವಣಗೆರೆಗೆ ಒಯ್ಯಬೇಕಾಗಿತ್ತು. ಬಟ್ಟಲುಗಳನ್ನು ಒದ್ದೆ ಬಟ್ಟೆ ಸುತ್ತಿದ ಪೆಟ್ಟಿಗೆಯಲ್ಲಿಟ್ಟು, ಹರಿಹರದ ನಿಲ್ದಾಣದಲ್ಲಿ ತಡವಾದ ಗಾಡಿಗಾಗಿ ಕಾದು, ಐದು ನಿಮಿಷಕ್ಕೊಮ್ಮೆ ನಲ್ಲಿಯ ನೀರು ಚಿಮುಕಿಸುತ್ತ ನಿಂತೆ. ಕಚೇರಿ ತಲಪುವಷ್ಟರಲ್ಲಿ ಮೂರು ಸತ್ತಿದ್ದವು. ಸೂಕ್ಷ್ಮದರ್ಶಕದಡಿ ಎಲ್ಲವನ್ನೂ ಗುರುತಿಸಿದೆ. ಹದಿನಾಲ್ಕರಲ್ಲಿ ಒಂಬತ್ತು ಕ್ಯುಲಿಸಿಫೇಸಿಸ್. ಜೀವಂತವಿದ್ದವುಗಳನ್ನು ಉಪ್ಪುನೀರಿನ ಹನಿಯಲ್ಲಿಟ್ಟು, ಸೂಜಿಗಳಿಂದ ಜೊಲ್ಲುಗ್ರಂಥಿಯನ್ನು ಎಳೆದು ಸೋಂಕಿದೆಯೇ ಎಂದು ನೋಡಬೇಕು. ಮೊದಲನೆಯದನ್ನು ನಾನು ಸೂಜಿ ಜಾರಿಸಿ ಕೆಡಿಸಿದೆ. ಉಳಿದವನ್ನು ವೈದ್ಯಾಧಿಕಾರಿಗಳೇ ಬಿಡಿಸಿದರು. ಯಾವುದರಲ್ಲಿಯೂ ಸೋಂಕು ಕಾಣಲಿಲ್ಲ.

ಅವರು ಕೈ ತೊಳೆದು ಬಂದರು. "ಜಾತಿ ನಿಜ. ನಿಮ್ಮ ಮರಿಗಳ ಗುರುತೂ ನಿಜವೇ ಇದ್ದಿರಬೇಕು. ಇದನ್ನು ವಿಶೇಷ ಟಿಪ್ಪಣಿಯಲ್ಲಿ ಹಾಕಿ. ಮನೆಯೊಳಗಿನ ಸಂಖ್ಯೆ ಈ ವಾರವೂ ಝೀರೋ ತಾನೇ?"

"ಹೌದು, ಸಾರ್. ಆದರೆ ಸಿಂಪರಣೆ..."

"ನಿಯಮ ಮನೆಯ ಸಂಖ್ಯೆಯನ್ನು ಕೇಳುತ್ತದೆ. ಆರು ವಾರ ಝೀರೋ, ತಂಡ ಬೆಟ್ಟಕ್ಕೆ ಹೋಗುತ್ತದೆ. ಧಾನ್ಯದ ಗುಂಡಿಗೆ ಡಿ.ಡಿ.ಟಿ. ಹೊಡೆಯುವಂತೆಯೂ ಇಲ್ಲ." ಅವರು ನನ್ನ ಐದು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. "ಒಂದೇ ದಾರಿ ಇದೆ. ಈ ಹಾಳೆಗಳೇ ಅಪೂರ್ಣವೆಂದಾದರೆ ಆರು ವಾರಗಳ ಎಣಿಕೆ ಮೊದಲಿನಿಂದ ಶುರುವಾಗಬೇಕು. ಅಷ್ಟರಲ್ಲಿ ಸಿಂಪರಣೆ ನಡೆದುಹೋಗುತ್ತದೆ. ಆದರೆ ಪ್ರಮಾಣಕ್ಕೆ ಸಹಿ ಮಾಡಿದವರು ನೀವು. ನಾನು ಹೇಳುವಂಥದ್ದಲ್ಲ. ಟಪಾಲು ಐದು ಗಂಟೆಗೆ ಹೋಗುತ್ತದೆ."

ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಪತ್ರದ ಕರಡನ್ನು ನಾಲ್ಕು ಬಾರಿ ಬರೆದೆ. ಮೊದಲ ಮೂರರಲ್ಲಿ ನಾನೇ ಇರಲಿಲ್ಲ. ಶೋಧನೆ ತಾನಾಗಿಯೇ ಅಪೂರ್ಣವಾಗಿತ್ತು, ಕೈಪಿಡಿಯಲ್ಲಿ ಸೂಚನೆ ಇರಲಿಲ್ಲ, ಗ್ರಾಮಸ್ಥರು ಮಾಹಿತಿ ನೀಡಿರಲಿಲ್ಲ. ಒಂದೊಂದು ವಾಕ್ಯವೂ ನಿರ್ದುಷ್ಟವಾಗಿತ್ತು. ಅಪ್ಪನ ಮುಖ ನೆನಪಾಯಿತು. ನನ್ನ ನೌಕರಿಯ ಆದೇಶವನ್ನು ಅವರು ಓದಲಾರದೆ, ತಲೆಕೆಳಗಾಗಿ ಹಿಡಿದು ಊರಿನವರಿಗೆಲ್ಲ ತೋರಿಸಿದ್ದರು. ಅದು ಹೋದರೆ ಏನೆಂದು ಹೇಳುವುದು? ಮಂಚದ ಮೇಲಿನಿಂದ 'ದೀಪ ಇಳಿಸಿದ್ರೇನು?' ಎಂದು ಕೇಳಿದ ದನಿಯೂ ನೆನಪಾಯಿತು. ನಾಲ್ಕನೆಯ ಕರಡಿನಲ್ಲಿ ಹೀಗೆ ಬರೆದೆ: ಈ ಸೀಮೆಯ ಮನೆಗಳಲ್ಲಿ ಹಗೇವುಗಳಿರುವುದು ನನಗೆ ತಿಳಿದಿತ್ತು. ಅವುಗಳನ್ನು ಶೋಧಿಸಬೇಕೆಂದು ನನ್ನ ಸಂಗ್ರಾಹಕನು ಎರಡನೆಯ ವಾರವೇ ಸೂಚಿಸಿದ್ದನು. ನಾನು ನಿರಾಕರಿಸಿದೆ. ಐದು ವಾರಗಳ ಪ್ರಮಾಣವನ್ನು ಹಿಂತೆಗೆದುಕೊಳ್ಳುತ್ತೇನೆ.

ಬಳಿಕ ಐದೂ ಹಾಳೆಗಳ ಸೊನ್ನೆಗಳ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಪೂರ್ಣ ಶೋಧಿಸಿಲ್ಲ' ಎಂದು ಬರೆದು, ಒಂದೊಂದಕ್ಕೂ ಸಹಿ ಹಾಕಿದೆ. ಹೆಸರಷ್ಟೇ ಬರೆದೆ. ಟಪಾಲಿನವನು ಚೀಲದ ಬಾಯಿ ಕಟ್ಟುತ್ತಿದ್ದನು. ಬಿಚ್ಚಿಸಿ ಹಾಕಿಸಿದೆ.

ಸಿಂಪರಣೆಯ ತಂಡ ಮೊದಲ ಮಳೆಗೆ ಹತ್ತು ದಿನ ಮುಂಚೆ ಗುತ್ತೂರಿಗೆ ಬಂದಿತು. ಹೊಳೆಯ ಮಡುಗಳಿಗೆ ಎಣ್ಣೆ ಹಾಕಿಸಿದೆವು. ಹಗೇವಿಗೆ ಔಷಧ ಹೊಡೆಯುವಂತಿರಲಿಲ್ಲವಾದುದರಿಂದ, ಅಜ್ಜಿ ಅದರ ಬಾಯಿಗೆ ಚಪ್ಪಡಿ ಹಾಕಿಸಿ ಸುತ್ತ ಮಣ್ಣು ಮೆತ್ತಿಸಿದರು. ಮರುದಿನ ಬೀದಿಯಲ್ಲಿ ನಿಂತು, ಯಾವ ಯಾವ ಮನೆಯಲ್ಲಿ ಎಲ್ಲೆಲ್ಲಿ ಹಗೇವು ತೆರೆದಿದೆಯೆಂದು ನೆರೆಯವರ ಗುಟ್ಟನ್ನೆಲ್ಲ ತಂಡದವರೆದುರು ಬಿಚ್ಚಿಟ್ಟರು. ನೆರೆಯವರು ವಾರಗಟ್ಟಲೆ ಅವರೊಡನೆ ಮಾತು ಬಿಟ್ಟಿದ್ದರಂತೆ. ನನ್ನ ಪ್ರೊಬೇಷನ್ನನ್ನು ಆರು ತಿಂಗಳು ಮುಂದುವರಿಸಿ ಆದೇಶ ಬಂದಿತು. ವೈದ್ಯಾಧಿಕಾರಿಗಳು ಅದನ್ನು ಕೈಗೆ ಕೊಡುವಾಗ ಬೇರೆಡೆಗೆ ನೋಡುತ್ತ, "ಆ ಬಿಳಿಬಟ್ಟೆಯ ಮೂಲೆಗಳು ಯಾಕೆ ಹಳದಿಯಾಗಿವೆ?" ಎಂದು ಮಾತ್ರ ಕೇಳಿದರು. ವಿವರಿಸಿದೆ. ಒಗೆಯಲು ಹಾಕಬೇಡಿ ಎಂದರು.

ಆನೆಕೊಂಡದ ಎಣಿಕೆಯನ್ನೂ ಮೊದಲಿನಿಂದ ಆರಂಭಿಸಿದೆವು. ಅಲ್ಲಿ ಒಬ್ಬ ಯಜಮಾನರು, "ಹಗೇವಿನ ಸುದ್ದಿ ನಿಮಗ್ಯಾಕ್ರಿ?" ಎಂದು ಗದರಿದರು. ತಲಬಾಗಿಲ ಎಡಕ್ಕೆ, ಒರಳಿನ ಕೆಳಗೆ ಇರುವ ನಮ್ಮ ಹಗೇವಿನ ವಿಷಯ ಹೇಳಿದೆ. ಅವರು ಸಂಗ್ರಾಹಕನ ಕಡೆ ನೋಡಿದರು, ಅವನು ತಲೆಯಾಡಿಸಿದನು. ಯಜಮಾನರು ಎದ್ದು, ತಾವು ಕುಳಿತಿದ್ದ ಚಾಪೆಯನ್ನು ಸುರುಳಿ ಸುತ್ತಿದರು. ಹಗೇವಿನ ಬಾಯಿ ಅದರ ಕೆಳಗೇ ಇತ್ತು.

ಮುಂದಿನ ಸುತ್ತಿಗಾಗಿ ಗುತ್ತೂರಿಗೆ ಹೋದದ್ದು ಶ್ರಾವಣದ ಕೊನೆಯಲ್ಲಿ. ಸೊಸೆಗೆ ಮತ್ತೆ ಜ್ವರ ಬಂದಿರಲಿಲ್ಲವೆಂದು ರಿಜಿಸ್ಟರಿನಿಂದ ತಿಳಿದಿತ್ತು. ಅದಕ್ಕಿಂತ ಹೆಚ್ಚಿಗೆ ಏನೂ ತಿಳಿದಿರಲಿಲ್ಲ. ಬಾಗಿಲು ಅರ್ಧ ಮುಚ್ಚಿತ್ತು. ನಾನು ಹಾಳೆ ಬಿಚ್ಚಿ, ಹೊಸ್ತಿಲಾಚೆ ನಿಂತು, ಕೂಗಲೋ ಬೇಡವೋ ಎಂದು ಅನುಮಾನಿಸುತ್ತಿರುವಾಗ ಒಳಗಿನಿಂದ ಲೋಬಾನದ ಹೊಗೆಯೂ ಅಜ್ಜಿಯ ದನಿಯೂ ಒಟ್ಟಿಗೆ ಬಂದವು.

"ಬಾರಪ್ಪ, ಬಾ. ಕೋಣಿ ಅವೇ ಮೂರು ಅದಾವೆ. ತಮ್ಮ ಗೃಹದಾಗ ಒಬ್ಬಾಕಿ ಜಾಸ್ತಿ ಆಗ್ಯಾಳೆ, ಬರ್ಕ."

ನನ್ನ ಹಾಳೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ.